ಪುಟ್ಟಬಸಮ್ಮನ ಕರಡಿಗೆ

ದೊಡ್ಡಗಾಜನೂರಿನ ಪುಟ್ಟಬಸಮ್ಮನಿಗೂ ಅವಳ ಅತ್ತೆ ಮಹಾಲಿಂಗಮ್ಮನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಸೊಸೆ ವಿಭೂತಿ ಧರಿಸಿದ್ದು ಸರಿಯಿಲ್ಲ, ಪೂಜೆಗೆ ಕೂತದ್ದು ಸರಿಯಿಲ್ಲ ಎಂದು ಮುದುಕಿ ಮದುವೆಯಾದಂದಿನಿಂದ ಹುಳುಕು ಹುಡುಕುತ್ತಲೇ ಬಂದವಳು. ಸೊಸೆಯೇನು ಬಾಯಿಗೆ ಬೀಗ ಹಾಕಿಕೊಂಡವಳಲ್ಲ. ಇವರ ಜಗಳ ಕೇಳಿದರೆ ಜೋಳದ ಹೊಲಕ್ಕೆ ಬಂದ ಹಂದಿಯೂ ವಾಪಸು ಹೋಗುತ್ತದೆ ಎಂದು ಊರವರು ನಗುತ್ತಿದ್ದರು.

ಆ ನಗು ನಿಂತದ್ದು ಸೊಸೆಯ ಕತ್ತಿನಲ್ಲಿ ಗಂಟು ಕಾಣಿಸಿಕೊಂಡ ಮೇಲೆ. ವೈದ್ಯರು ಲಿಂಫೋಮಾ ಎಂದರು, ರಕ್ತದ ಬಿಳಿಕಣಗಳಲ್ಲಿ ಹುಟ್ಟುವ ಕ್ಯಾನ್ಸರ್. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಔಷಧಿ ಏರಿಸಿದರು. ಗಂಟು ಕರಗಿತು, ಕೂದಲೂ ಹೋಯಿತು. ಅಳಿದುಳಿದದ್ದನ್ನು ಸುಡಲು ಕತ್ತಿಗೂ ಎದೆಯ ಮೇಲ್ಭಾಗಕ್ಕೂ ಕೆಲವು ವಾರ ವಿಕಿರಣ ಕೊಡಬೇಕೆಂದರು. ಕಾಡಾನೆ ಬೆಳೆಗೆ ಇಳಿಯುವ ಕಾಲ, ಗಂಡ ಜಡೇಸ್ವಾಮಿ ಹೊಲ ಬಿಟ್ಟು ಬರುವಂತಿರಲಿಲ್ಲ. ಬೇರೆ ದಿಕ್ಕಿಲ್ಲದೆ ಅತ್ತೆಯೇ ಜೊತೆಗೆ ಹೊರಟಳು.

ಮೊದಲ ದಿನ, ಯಂತ್ರ ನಡೆಸುವ ಪ್ರಮೀಳಾ, ಗಡಿಯೂರಿನವರಾದ ಇವರಿಗೆ ತಿಳಿಯುವ ತಮಿಳಿನಲ್ಲಿ ಎಲ್ಲ ಬಿಡಿಸಿ ಹೇಳಿದಳು. ಅಳತೆಗೆ ಮಾಡಿಸಿದ ಬಲೆಯಂಥ ಮುಖವಾಡವನ್ನು ಭುಜದವರೆಗೆ ಬಿಗಿಯುತ್ತೇವೆ, ಅಲುಗಾಡಬಾರದು. ಕಿರಣ ಗುರಿಯಿಟ್ಟ ಜಾಗಕ್ಕೇ ಬೀಳುತ್ತದೆ. ಕಣ್ಣಿಗೆ ಕಾಣದು, ಆಗ ನೋಯುವುದೂ ಇಲ್ಲ. ಕೆಲವೇ ನಿಮಿಷದ ಕೆಲಸ. ವಾರ ಕಳೆದಂತೆ ಗಂಟಲು ಉರಿಯಬಹುದು, ಬಾಯಿ ಒಣಗಿ ರುಚಿ ಕೆಡಬಹುದು, ಚರ್ಮ ಕಪ್ಪಾಗಬಹುದು, ಸುಸ್ತಂತೂ ಇರುತ್ತದೆ. ಮುಗಿದ ಮೇಲೆ ಹೆಚ್ಚಿನದು ನಿಧಾನವಾಗಿ ಇಳಿಯುತ್ತದೆ. ಪಕ್ಕದಲ್ಲಿ ಕೂತವರಿಗೆ ನಿಮ್ಮಿಂದ ಏನೂ ಆಗದು.

ಪುಟ್ಟಬಸಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಕೊನೆಗೆ ಪ್ರಮೀಳಾ ಅವಳ ಎದೆಯ ಮೇಲೆ ದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯನ್ನು ತೋರಿಸಿ, ಅದನ್ನು ತೆಗೆದಿಡಿ ಎಂದಳು.

ಕರಡಿಗೆಯೊಳಗೆ ಇಷ್ಟಲಿಂಗ. ಚಿಕ್ಕಂದಿನಲ್ಲಿ ದೀಕ್ಷೆಯಾದಾಗ ಕಟ್ಟಿದ್ದು. ಅದು ಮೈ ಬಿಟ್ಟರೆ ಜೀವ ಬಿಟ್ಟಂತೆ ಎಂದು ನಂಬಿ ಬಾಳಿದವಳು ಅವಳು. ಹಿಂದೆ ಸ್ಕ್ಯಾನಿನ ಹೊತ್ತಿಗೆ ತೋಳಿಗೆ ಕಟ್ಟಿಕೊಂಡು ಪಾರಾಗಿದ್ದಳು. ಇಲ್ಲಿ ಮೈಮೇಲೆ ಎಲ್ಲೂ ಒಡವೆ, ದಾರ ಏನೂ ಇರಬಾರದೆಂಬ ಕಟ್ಟಳೆ.

"ನಂಗೆ ಬ್ಯಾಡ. ಊರ್ಗೋಗವ ಅತ್ತೆ. ಇದ ಬುಟ್ಟು ಬದುಕಿ ಏನಾಗ್ಬೇಕು" ಎಂದು ಪುಟ್ಟಬಸಮ್ಮ ಎದ್ದೇಬಿಟ್ಟಳು.

ಅತ್ತೆ ಭೇಷ್ ಎನ್ನುತ್ತಾಳೆಂದೇ ಅವಳು ತಿಳಿದಿದ್ದಳು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಪದ್ಧತಿಯಿಲ್ಲ. ಅದನ್ನು ಸೊಸೆಗೆ ಸಾರಿ ಸಾರಿ ಹೇಳಿದವಳೇ ಮಹಾಲಿಂಗಮ್ಮ. ಆದರೆ ಮುದುಕಿ ನಲ್ಲಿಯಲ್ಲಿ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಪೂಜೆಯಲ್ಲಿ ಲಿಂಗ ಹಿಡಿಯುವ ಎಡಗೈ ಚಾಚಿದಳು.

"ಇಲ್ಲಿ ಕೊಡಮ್ಮಿ."

"ನಿಮ್ ಕೈಗಾ ಅತ್ತೆ?"

"ಮೈ ಮ್ಯಾಲಿರ್ಬೇಕು, ಅಷ್ಟೆ ತಾನೆ? ನಂದೂ ಮೈಯೇ ಕಣಮ್ಮಿ. ನೀ ಬರೋಗಂಟ ಕೆಳಗಿಡಕಿಲ್ಲ. ಓಗು."

ಪುಟ್ಟಬಸಮ್ಮ ಶಿವದಾರ ಬಿಚ್ಚಿ ಕರಡಿಗೆಯನ್ನು ಅತ್ತೆಯ ಅಂಗೈಯಲ್ಲಿಟ್ಟು ಒಳಗೆ ಹೋದಳು. ಮುಖವಾಡ ಬಿಗಿದು ಎಲ್ಲರೂ ಹೊರಗೆ ಹೋದಾಗ ವಿಪರೀತ ಭಯವಾಯಿತು. ಬಾಗಿಲಾಚೆ ಅತ್ತೆ ಇದ್ದಾಳೆ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡು ಧೈರ್ಯ ತಂದುಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.

ಹೊರಗೆ ಬಂದಾಗ ಮುದುಕಿ ಬೆಂಚಿನ ತುದಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಚಾಚಿದ ಎಡಗೈ ಸೋತಿತ್ತು, ಅದಕ್ಕೆ ಬಲಗೈಯ ಆಸರೆ ಕೊಟ್ಟಿದ್ದಳು. ತುಟಿ ಆಡುತ್ತಿತ್ತು. ಮಂತ್ರವಿರಬೇಕೆಂದು ಪುಟ್ಟಬಸಮ್ಮ ಸದ್ದಿಲ್ಲದೆ ಹತ್ತಿರ ನಿಂತಳು.

"ನಮ್ ಪುಟ್ಟಬಸಮ್ಮಿನ ಉಳ್ಸಪ್ಪ" ಎನ್ನುತ್ತಿದ್ದಳು ಮುದುಕಿ. "ಉಳ್ಸಪ್ಪ."