ಮೂಳೆಯಕ್ಕನ ಕಪಾಟು

ಬೆಳಗಿನ ಆರೂವರೆ. ಶಾಲೆಯ ಪ್ರಯೋಗಾಲಯದ ಬೀಗ ತೆಗೆದ ಅಟೆಂಡರಮ್ಮ ಹೊಸಿಲಲ್ಲೇ ಕಣ್ಣು ಮುಚ್ಚಿ ನಿಂತು, ಅಮ್ಮನಿಂದ ಕಲಿತ ಎಂಟು ಸಾಲಿನ ಪ್ರಾರ್ಥನೆ ಹೇಳಿಕೊಳ್ಳುತ್ತಾರೆ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಬಾವಲಿಯ ರೆಕ್ಕೆಯ ಧೂಳು ಕೊಡವುತ್ತಾರೆ. ಜೋರಾಗಿ ಉಸಿರು ಬಿಟ್ಟರೂ ಮುರಿದೀತು ಅನ್ನಿಸುವ ಮೂಳೆಗಳು.

ಇಪ್ಪತ್ತಾರು ವರ್ಷಗಳಿಂದ ಇವರು ಇಲ್ಲಿ ಅಟೆಂಡರ್. ಮಕ್ಕಳ ಬಾಯಲ್ಲಿ ‘ಮೂಳೆಯಕ್ಕ’. ಜೀವವಿಕಾಸದ ಪಾಠಕ್ಕೆಂದು ಬಾವಲಿ, ಬೆಕ್ಕು, ಮೇಕೆಗಳ ಮೂಳೆಗಳನ್ನು ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಕುದಿಸಿ, ಒಣಗಿಸಿ, ತಂತಿಯಲ್ಲಿ ಪೋಣಿಸಿದ್ದು ಇವರೇ. ಕಪಾಟಿನಲ್ಲೀಗ ಅಂಥ ಹತ್ತೊಂಬತ್ತು ಮಾದರಿಗಳಿವೆ. “ಮೊದಲನೇದನ್ನ ಮನೇಲೇ ಕುದಿಸಿದ್ದೆ. ನಮ್ಮ ಯಜಮಾನ್ರು ಒಂದು ವಾರ ನನ್ನ ಅಡುಗೆ ಮುಟ್ಲಿಲ್ಲ!”

ಕಳೆದ ತಿಂಗಳು ಆ ಕಪಾಟಿಗೇ ಸಂಚಕಾರ ಬಂತು. ಈ ಪಾಠ ಮಕ್ಕಳ ಭಕ್ತಿ ಕೆಡಿಸುತ್ತದೆ, ಮೂಳೆಗಳನ್ನೆಲ್ಲ ಹೊರಗೆ ಹಾಕಿ ಎಂದು ಪೋಷಕರೊಬ್ಬರು ಸಹಿ ಸಂಗ್ರಹಿಸಿದರು. ಅವರದು ಮಾಂಸದ ಅಂಗಡಿ. ಪೋಷಕರ ಸಭೆಯ ಹಿಂದಿನ ದಿನ ಕಪಾಟು ನೋಡಲು ಬಂದೇಬಿಟ್ಟರು. ಮೂಳೆಯಕ್ಕ ಬಾವಲಿಯ ರೆಕ್ಕೆಯನ್ನು ಕೈಗೆತ್ತಿಕೊಂಡರು.

“ನೋಡಿ ಅಣ್ಣಾ, ಮೇಲೆ ಒಂದು ಮೂಳೆ, ಕೆಳಗೆ ಎರಡು. ನಿಮ್ಮ ಕೈಗೂ ಅಷ್ಟೇ, ಬಾವಲಿಗೂ ಅಷ್ಟೇ.”

“ಹಾಗಾದ್ರೆ ಬಾವಲಿ ನನ್ನ ನೆಂಟನಾ?”

“ದೂರದ ನೆಂಟ. ಮದುವೆಗೆ ಕರೀಬೇಕು ಅಂತೇನಿಲ್ಲ.”

ಅಂಗಡಿಯವರು ನಗಲಿಲ್ಲ. ಅವರ ಕಣ್ಣು ಮೇಕೆಯ ಮುಂಗಾಲಲ್ಲಿ ನೆಟ್ಟಿತ್ತು. “ಏನಮ್ಮಾ ಇದು? ಬಲಗಾಲು ಅಂತ ಬರೆದಿದ್ದೀರಿ, ಹೆಗಲ ಮೂಳೆ ಎಡದ್ದು! ಮೇಲೆದ್ದಿರೋ ಈ ಏಣು ಹೊರಗಡೆ ಬರ್ಬೇಕು. ಒಳಗೆ ತಿರುಗಿದೆ.”

ಹನ್ನೊಂದು ವರ್ಷದಿಂದ ಮಕ್ಕಳು ಆ ಕಾಲಿನ ಚಿತ್ರವನ್ನೇ ಬರೆದು ಅಂಕ ಪಡೆಯುತ್ತಿದ್ದರು. “ಭೂಮಿ ಬಾಯಿ ಬಿಡ್ಬಾರ್ದಾ ಅನ್ನಿಸ್ತು” ಎನ್ನುತ್ತಾರೆ ಮೂಳೆಯಕ್ಕ.

ಮರುದಿನ ಸಭೆಯಲ್ಲಿ ಅಂಗಡಿಯವರು ಎದ್ದು ನಿಂತಾಗ ಅವರ ಕೈಯಲ್ಲೊಂದು ತೊಳೆದ ಮೂಳೆ. ಬಲ ಹೆಗಲಿನದು. “ಆ ಪಾಠ ನಾನು ಒಪ್ಪೋನಲ್ಲ. ಮನೇಲಿ ಮಗಳ ಹತ್ರ ವಾದ ಮಾಡ್ತೀನಿ. ಆದ್ರೆ ತಪ್ಪು ಕಾಲು ಇಟ್ಕೊಂಡು ಏನಂತ ವಾದ ಮಾಡ್ಲಿ? ಮೊದ್ಲು ಇದನ್ನ ಸರಿಮಾಡಿ.”

ಸಹಿಗಳ ಹಾಳೆಯನ್ನು ಅವರು ಕೊಡಲೇ ಇಲ್ಲ. ಕಪಾಟು ಉಳಿಯಿತು.

ಈಗ ಪ್ರತಿ ಶನಿವಾರ ಬೆಳಿಗ್ಗೆ ಅವರೇ ಮೂಳೆ ತರುತ್ತಾರೆ. ಇಬ್ಬರೂ ಕೂತು ಪೋಣಿಸುತ್ತಾರೆ; ಜಗಳವೂ ಜೊತೆಗೇ ಸಾಗುತ್ತದೆ.

“ಇದೆಲ್ಲ ದೇವರು ಮಾಡಿದ್ದಮ್ಮಾ.”

“ಅಲ್ಲ ಅಂದೋರ್ಯಾರು ಅಣ್ಣಾ? ಅವನು ಅವಸರ ಮಾಡ್ಲಿಲ್ಲ, ಅಷ್ಟೇ.”

ನಿವೃತ್ತಿಗೆ ಇನ್ನೆರಡು ವರ್ಷ. ಆಸೆ ಏನಾದರೂ ಉಳಿದಿದೆಯೇ ಎಂದು ಕೇಳಿದರೆ ತಂತಿ ಬಿಗಿಯುತ್ತಲೇ ಹೇಳುತ್ತಾರೆ: “ಒಂದು ಇಡೀ ಮೇಕೆ ನಿಲ್ಲಿಸ್ಬೇಕು, ಕೊಂಬಿಂದ ಬಾಲದವರೆಗೆ. ಯಾರು ಏನಾದ್ರೂ ನಂಬ್ಕೊಳ್ಳಿ. ಬಂದು ನೋಡ್ದಾಗ ಒಂದು ಮೂಳೆನೂ ತಪ್ಪಿರ್ಬಾರ್ದು.”