ಮಳೆಗಾಲದ ಗಡಿಗೆ ಫ್ರಿಜ್

ಈ ಘಟನೆಯನ್ನು ನಾನು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಕಾಲೇಜುಗಳಲ್ಲಿ ಹೇಳಿದ್ದೇನೆ. ಪ್ರತಿ ಸಲ ಹೇಳಿದಾಗಲೂ ಅದು ಒಂದಿಷ್ಟು ಬದಲಾಗಿದೆ. ಈಗ ಬರೆಯಲು ಕುಳಿತರೆ ಯಾವುದು ನಡೆದದ್ದು, ಯಾವುದು ನಾನು ಹೇಳಿಹೇಳಿ ನಡೆಸಿದ್ದು ಎಂದು ಬೇರ್ಪಡಿಸಲು ಆಗುತ್ತಿಲ್ಲ. ಮುಖ್ಯವಾಗಿ, ಆ ಇನ್ಸುಲಿನ್ ಬಾಟಲಿಯನ್ನು ಗಡಿಗೆಯೊಳಗೆ ಇಟ್ಟವರು ಯಾರು? ನಾನೇ ಇಟ್ಟೆ ಎಂದು ಸಮಾರಂಭಗಳಲ್ಲಿ ಹೇಳಿದ್ದು ನೆನಪಿದೆ. ಇಟ್ಟದ್ದು ಮಾತ್ರ ನೆನಪಿಲ್ಲ.

ಕೊರೊನಾ ಮುಗಿದ ಮರುವರ್ಷ. ನಾನು ಶಿಗ್ಗಾಂವಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿದ್ದೆ, ನಿವೃತ್ತಿ ಹತ್ತಿರವಿತ್ತು. ಸೆಮಿಸ್ಟರುಗಳೆಲ್ಲ ಹಿಂದುಮುಂದಾಗಿ, ಬೇಸಿಗೆಯಲ್ಲಿ ಆಗಬೇಕಿದ್ದ ವಿದ್ಯಾರ್ಥಿ ಶಿಬಿರ ಮಳೆಗಾಲಕ್ಕೆ ಬಿತ್ತು. ವಿಷಯ ಆರೋಗ್ಯ ಮತ್ತು ಪರಿಸರಸ್ನೇಹಿ ಬದುಕು. ಜಾಗ ಸವಣೂರು ತಾಲೂಕಿನಲ್ಲಿ ವರದಾ ನದಿ ದಂಡೆಯ ಒಂದು ಹಳ್ಳಿ. ಊರ ಹೊರಗಿನ ದಿಬ್ಬದ ಮೇಲಿದ್ದ ಶಾಲೆಯಲ್ಲಿ ವಾಸ್ತವ್ಯ. ನನ್ನ ಜೊತೆ ಕನ್ನಡ ವಿಭಾಗದ ಹಿರೇಮಠ ಮೇಡಂ ಇದ್ದರು.

ಈ ವಿಷಯದ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ಕಡಿಮೆ ವಸ್ತುಗಳಲ್ಲಿ ಬದುಕುವುದು ಹೇಗೆಂದು ನಾವು ಪಾಠ ಮಾಡಬೇಕಾದದ್ದು ಯಾರಿಗೆ? ಹಾಲಿನ ಪಾಕೀಟು ತೊಳೆದು ಬಿಸಿಲಿಗೆ ಒಣಹಾಕುವ ಮನೆಗಳ ಮಕ್ಕಳಿಗೆ. ಮೊದಲ ದಿನವೇ ಹಿರೇಬೆಂಡಿಗೇರಿಯ ರೇಷ್ಮಾ ಎದ್ದು ನಿಂತು, "ಸರ್ರ, ನಮ್ಮವ್ವ ಒಂದು ಶಾಂಪೂ ಪಾಕೀಟನ್ಯಾಗ ಮೂರು ಮಂದಿ ತಲಿ ತೊಳಿತಾಳ್ರಿ. ಭಾಷಣಕ್ಕ ಆಕೀನ್ನ ಕರಸಬೇಕಾಗಿತ್ತು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೊಳಗೆ ಒಪ್ಪಿಕೊಂಡೆ.

ಹಾಗಾಗಿ ಭಾಷಣ ಬಿಟ್ಟು ಪ್ರಯೋಗಕ್ಕೆ ಇಳಿದೆ. ಎರಡನೆಯ ದಿನ ಕರೆಂಟ್ ಬೇಡದ ಫ್ರಿಜ್ ಮಾಡಿಸಿದೆ. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ, ನಡುವೆ ಉಸುಕು, ಉಸುಕಿಗೆ ನೀರು, ಬಾಯಿಗೆ ಒದ್ದೆ ಬಟ್ಟೆ. ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ, ಒಳಗಿಟ್ಟ ತರಕಾರಿ ತಣ್ಣಗಿರುತ್ತದೆ. ಇದು ಒಣಹವೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ನೀರು ಆವಿಯಾಗುವುದಿಲ್ಲ ಎಂದೂ ಹೇಳಿದೆ ಎಂದು ನನ್ನ ನೆನಪು. ಅಲ್ಲಿದ್ದ ಯಾರಿಗೂ ಆ ಮಾತು ನೆನಪಿಲ್ಲ.

ಅಂದೇ ಸಂಜೆಯಿಂದ ಮಳೆ ಹಿಡಿಯಿತು. ಮೇಲಿನ ಹಾನಗಲ್ ಭಾಗದಲ್ಲಿ ಇನ್ನೂ ಜೋರಾಗಿ ಸುರಿದಿರಬೇಕು. ಬೆಳಗಾಗುವಷ್ಟರಲ್ಲಿ ವರದೆ ಹೊಲಗಳಿಗೆ ನುಗ್ಗಿದ್ದಳು. ಸವಣೂರಿನ ರಸ್ತೆ ಮುಳುಗಿತು, ಆಮೇಲೆ ಊರಿಗೆ ಇಳಿಯುವ ದಾರಿಯೂ ಮುಳುಗಿತು. ಶಾಲೆ, ಅದಕ್ಕೆ ಅಂಟಿಕೊಂಡ ಒಂದೆರಡು ಮನೆಗಳು ಮಾತ್ರ ನೀರಿನ ನಡುವೆ ಉಳಿದವು. ಕರೆಂಟ್ ಹೋಯಿತು. ಫೋನುಗಳು ಒಂದೊಂದಾಗಿ ಸತ್ತವು. ಉಳಿದ ಒಂದೇ ಫೋನನ್ನು ಸ್ವಿಚ್ ಆಫ್ ಮಾಡಿ, ಅಗತ್ಯಕ್ಕೆ ಇರಲೆಂದು ನನ್ನ ಬಳಿ ಇಟ್ಟುಕೊಂಡೆ. ಅಕ್ಕಿ ಬೇಳೆ ಇದ್ದವು, ಆದರೆ ಹೋಗಲು ದಾರಿ ಇರಲಿಲ್ಲ.

ಸಿಕ್ಕಿಬೀಳುವುದೆಂದರೆ ಏನೆಂದು ಆಗ ತಿಳಿಯಿತು. ಇರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿದ್ದೆವು. ಒಣಗದ ಬಟ್ಟೆಯ ವಾಸನೆ, ಕಟ್ಟಿಗೆ ಒಲೆಯ ಹೊಗೆ, ಒಬ್ಬರ ಕಾಲು ಇನ್ನೊಬ್ಬರ ಹಾಸಿಗೆಯ ಮೇಲೆ. ನಾನಂತೂ ಬಾಗಿಲಿಗೂ ಕಟ್ಟೆಗೂ ಸುಮ್ಮನೆ ತಿರುಗುತ್ತಿದ್ದೆ. ವೇಳಾಪಟ್ಟಿಯಲ್ಲಿ ಮನಸ್ಸು ಶಾಂತವಾಗಿಡುವ ಉಸಿರಾಟದ ಅಭ್ಯಾಸವಿತ್ತು. ಮಾಡಿಸಲು ಹೋದರೆ ಹಿಂದಿನಿಂದ ಯಾರೋ, "ಉಸುರು ಬಿಡಾಕ ಜಾಗಾ ಎಲ್ಲೈತ್ರಿ ಸರ್ರ?" ಎಂದರು. ಈ ಸಲ ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ರೇಷ್ಮಾ ಹಿರೇಮಠ ಮೇಡಂ ಬಳಿ ಬಂದು ಅಳತೊಡಗಿದಳು. ಅವಳ ಗೆಳತಿ, ದುಂಡಸಿಯ ಸವಿತಾ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡು ಒಂದು ವಿಷಯ ಹೇಳಿದ್ದಳು. ಸವಿತಾಗೆ ಸಣ್ಣವಳಿದ್ದಾಗಿನಿಂದ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಶಿಬಿರಕ್ಕೆ ಬಂದವಳು ಬಾಟಲಿಯನ್ನು ಶಾಲೆಯ ಪಕ್ಕದ ಮನೆಯ ಫ್ರಿಜ್ಜಿನಲ್ಲಿ, ಕಣ್ಣಿಗೆ ಹಾಕಿಕೊಳ್ಳುವ ಔಷಧ ಎಂದು ಸುಳ್ಳು ಹೇಳಿ ಇಟ್ಟಿದ್ದಳು. ಕರೆಂಟ್ ಹೋದ ಮೇಲೆ ಔಷಧ ಕೆಟ್ಟಿತೆಂದು ತಾನೇ ತೀರ್ಮಾನಿಸಿ ಚುಚ್ಚಿಕೊಳ್ಳುವುದನ್ನು ನಿಲ್ಲಿಸಿದ್ದಳು. ಔಷಧ ಇಲ್ಲದಿದ್ದರೆ ಊಟವೂ ಬೇಡ, ಸರಿಹೋಗುತ್ತದೆ ಎಂದು ಊಟವನ್ನೂ ಬಿಟ್ಟಿದ್ದಳು. ಅದೇ ದೊಡ್ಡ ಅಪಾಯ. ಈ ಬಗೆಯ ಕಾಯಿಲೆಯಲ್ಲಿ ಉಪವಾಸವಿದ್ದರೂ ಇನ್ಸುಲಿನ್ ಬೇಕೇ ಬೇಕು. ಇಲ್ಲದಿದ್ದರೆ ರಕ್ತದಲ್ಲಿ ಆಮ್ಲ ಏರಿ ಪ್ರಾಣಕ್ಕೆ ಕುತ್ತು ಬರುತ್ತದೆ.

ನಾವು ಹೋದಾಗ ಸವಿತಾ ಮೂಲೆಯಲ್ಲಿ ಗೋಡೆಗೆ ಒರಗಿದ್ದಳು. ಪಕ್ಕದಲ್ಲಿ ಖಾಲಿ ನೀರಿನ ತಂಬಿಗೆ. ತುಟಿ ಒಣಗಿತ್ತು, ಉಸಿರು ಆಳವಾಗಿ, ಬೇಗಬೇಗ ಬರುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಮೇಡಂ ಕೇಳಿದರು. ಅಕ್ಕನಿಗೆ ಗಂಡು ಗೊತ್ತಾಗಿತ್ತು. ಮನೆಯಲ್ಲಿ ಇಂಥ ಕಾಯಿಲೆ ಇದೆಯೆಂದು ತಿಳಿದರೆ ಸಂಬಂಧ ಮುರಿಯುತ್ತದೆ, ಲಗ್ನ ಮುಗಿಯುವ ತನಕ ಬಾಯಿ ಬಿಡಬೇಡ ಎಂದು ತಾಯಿ ಹೇಳಿ ಕಳಿಸಿದ್ದರು.

ನಾನು ತಾರಸಿಗೆ ಹೋಗಿ, ಮಳೆಯಲ್ಲೇ ನಿಂತು, ಪರಿಚಯದ ವೈದ್ಯರಿಗೆ ಫೋನು ಹಚ್ಚಿದೆ. ಹವೆ ತಂಪಾಗಿದೆ, ತೆರೆದ ಬಾಟಲಿ ಕೆಲವು ದಿನ ಹೊರಗಿದ್ದರೂ ಕೆಡುವುದಿಲ್ಲ, ಒಳಗೆ ಗಂಟುಗಂಟಾಗಿ ಕಾಣದಿದ್ದರೆ ತಕ್ಷಣ ತೆಗೆದುಕೊಳ್ಳಲಿ, ನೀರು ಕುಡಿಸಿ, ಏನು ಮಾಡಿಯಾದರೂ ಆಸ್ಪತ್ರೆಗೆ ಸಾಗಿಸಿ ಎಂದರು. ಬೋಟು ಕಳಿಸಲು ತಾಲೂಕು ಕಚೇರಿಗೆ ತಿಳಿಸುವುದಾಗಿಯೂ ಹೇಳಿದರು. ಅಷ್ಟಕ್ಕೆ ಫೋನು ಸತ್ತಿತು.

ಕೆಳಗೆ ಬಂದು ಹೇಳಿದರೆ ಸವಿತಾ ತಲೆ ಅಲ್ಲಾಡಿಸಿದಳು. "ನೀವು ಫಿಜಿಕ್ಸ್ ಸರ್ರು. ಕೆಟ್ಟ ಔಷಧಾ ಚುಚ್ಚಿಕೊಂಡು ಸಾಯಂಗಿಲ್ಲ ನಾ" ಎಂದಳು. ವೈದ್ಯರ ಮಾತನ್ನು ಅವಳಿಗೆ ಕೇಳಿಸಲು ಫೋನೂ ಇರಲಿಲ್ಲ. ಬಲವಂತ ಮಾಡುವಂತಿರಲಿಲ್ಲ, ಎಷ್ಟು ಚುಚ್ಚಬೇಕೆಂದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಸುತ್ತ ನೀರು, ನಡುವೆ ಒಂದು ಕೋಣೆ, ಕೋಣೆಯ ಮೂಲೆಯಲ್ಲಿ ಕೈಗೆಟುಕುವ ಔಷಧವನ್ನು ನಂಬದ ಹುಡುಗಿ. ನನ್ನ ವಿದ್ಯೆಯೆಲ್ಲ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಇಲ್ಲಿಂದ ಮುಂದಿನದು ಮಸುಕು. ಬಾಟಲಿ ಗಡಿಗೆಯೊಳಗಿನಿಂದ ಹೊರಬಂದದ್ದು ನಿಜ. ಹಿರೇಮಠ ಮೇಡಂ ಪ್ರಕಾರ ಅದನ್ನು ಪಕ್ಕದ ಮನೆಯಿಂದ ತಂದು ಗಡಿಗೆಯಲ್ಲಿಟ್ಟವನು ನಾನು. ಮೇಡಂ ಕೈಯಲ್ಲೇ ಅದನ್ನು ನೋಡಿದಂತೆ ನನ್ನ ಕಣ್ಣಿಗಿದೆ. ಕರೆಂಟ್ ಹೋದ ದಿನವೇ ತಾನು ಇಟ್ಟಿದ್ದೆ ಎಂದು ರೇಷ್ಮಾ ಒಮ್ಮೆ ಹೇಳಿದಳು, ಇನ್ನೊಮ್ಮೆ ಅಂದು ಬೆಳಿಗ್ಗೆ ಎಂದಳು. ರೇಷ್ಮಾ ಅದನ್ನು ಸವಿತಾಳ ಅಂಗೈಗೆ ಒತ್ತಿ, "ಮುಟ್ಟಿ ನೋಡಲೇ. ಗಡಿಗ್ಯಾಗಿತ್ತು. ತಣ್ಣಗೈತಿ" ಎಂದದ್ದಂತೂ ನಾಲ್ವರಿಗೂ ನೆನಪಿದೆ. ಸವಿತಾ ಬಾಟಲಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಸಿರಿಂಜ್ ತೆಗೆದು ಚುಚ್ಚಿಕೊಂಡಳು.

ಸಂಜೆ ಬೆಳಕಿರುವಾಗಲೇ ರಬ್ಬರ್ ಬೋಟು ಬಂತು. ಸವಿತಾಳ ಜೊತೆಗೆ ಮೇಡಂ ಹೋದರು. ಆ ಡೋಸು ಇಲ್ಲದಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ನೀರಿಳಿದ ಮೇಲೆ ನಾನು ನೋಡಲು ಹೋದೆ. ಸವಿತಾಳ ತಾಯಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ವಿಷಯ ಆಗಲೇ ಊರು ಸುತ್ತಿ ಬೀಗರಾಗಬೇಕಾದವರ ಮನೆ ಮುಟ್ಟಿತ್ತು. "ಜೀವಾ ಉಳಿಸಿದ್ರಿ ಸರ್ರ, ದೇವರು ನಿಮಗ ಚಲೋ ಮಾಡ್ಲಿ" ಎಂದರು. ಮತ್ತೆ, "ಹಿರೇ ಮಗಳ ಹಣೇಬಾರಕ್ಕ ಏನ್ ಮಾಡ್ಲಿ ಹೇಳ್ರಿ" ಎಂದರು. ಆ ಸಂಬಂಧ ಮುರಿದೇ ಹೋಯಿತು.

ಇತ್ತ ಗಡಿಗೆಯ ಕತೆಗೆ ರೆಕ್ಕೆ ಬಂತು. ಪ್ರವಾಹದಲ್ಲಿ ವಿದ್ಯಾರ್ಥಿನಿಯ ಪ್ರಾಣ ಉಳಿಸಿದ ಮಣ್ಣಿನ ಫ್ರಿಜ್! ಕಾಲೇಜುಗಳು ನನ್ನನ್ನು ಕರೆದವು, ಶಾಲು ಹೊದಿಸಿದವು, ವೇದಿಕೆಯ ಮೇಲೆ ಗಡಿಗೆ ಇಟ್ಟವು. ಬೇಡವೆನ್ನಲು ಬಾಯಿ ಬರಲಿಲ್ಲ. ನೀರಿಳಿದಾಗ ಆ ಶಾಲೆಯಿಂದ ಹೊರಬಂದೆ, ಈ ಕತೆಯಿಂದ ಹೊರಬರುವ ದಾರಿ ಕಾಣಲಿಲ್ಲ.

ನಿವೃತ್ತಿಯ ನಂತರ ಹಾನಗಲ್ಲಿನ ಒಂದು ಕಾರ್ಯಕ್ರಮದಲ್ಲಿ, ಎಲ್ಲರೂ ಎದ್ದು ಹೋದ ಮೇಲೆ, ಒಬ್ಬ ಹುಡುಗಿ ಬಳಿಗೆ ಬಂದಳು. ಅವಳ ತಮ್ಮನಿಗೂ ಅದೇ ಸಕ್ಕರೆ ಕಾಯಿಲೆ. "ನಮ್ಮನ್ಯಾಗ ಫ್ರಿಜ್ ಇಲ್ರಿ. ವರ್ಷಾಪೂರ್ತಿ ಗಡಿಗ್ಯಾಗ ಇಟ್ರ ನಡೀತೈತೇನ್ರಿ?" ಎಂದಳು. ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ನನಗೆ ಆಧಾರವಿರಲಿಲ್ಲ. ವೈದ್ಯರನ್ನು ಕೇಳದೆ ಇಡಬೇಡ ಎಂದು ಹೇಳಿ, ಅಂದು ಫೋನಿನಲ್ಲಿ ಮಾತಾಡಿದ್ದ ವೈದ್ಯರ ನಂಬರು ಬರೆದುಕೊಟ್ಟು ಬಂದೆ. ಮತ್ತೆ ಎಲ್ಲಿಯೂ ಆ ಕತೆ ಹೇಳಲು ಹೋಗಲಿಲ್ಲ.

ಹಿರೇಕೆರೂರಿನ ನನ್ನ ಮನೆಗೆ ಬಂದು ಸವಿತಾಗೆ ಫೋನು ಮಾಡಿದೆ. ಈಗ ಅವಳು ಶಾಲಾ ಶಿಕ್ಷಕಿ. ಅಕ್ಕನಿಗೆ ಬೇರೆ ಕಡೆ ಲಗ್ನವಾಗಿದೆ. ಅಂದು ಬಾಟಲಿ ನಿಜವಾಗಿ ತಣ್ಣಗಿತ್ತೇ ಎಂದು ಕೇಳಿದೆ. ಅವಳು ಯೋಚಿಸಿ ಹೇಳಿದಳು: "ಗೊತ್ತಿಲ್ರಿ ಸರ್ರ. ನೀವೆಲ್ಲಾ ನನ್ನ ಸುತ್ತ ಕುಂತಿದ್ರಿ. ಎಲ್ಲಾರಿಗೂ ಗೊತ್ತಾಗಿ ಹೋಗಿತ್ತು. ಇನ್ನೇನ್ ಮುಚ್ಚಿಡೂದು ಅಂತ ತಗೊಂಡೆ." ಇದನ್ನು ಬರೆಯಲೇ, ಹೆಸರು ಬದಲಿಸುತ್ತೇನೆ ಎಂದೆ. ಬದಲಿಸಬೇಡಿ ಎಂದಳು.

ಎಷ್ಟೋ ವರ್ಷ ಪಾಠ ಮಾಡಿ ನಾನು ಕಲಿತದ್ದು ಇಷ್ಟು. ಯುವಜನರಿಗೆ ಆರೋಗ್ಯದ ಬಗ್ಗೆ ಹೇಳಹೊರಟವನು, ಆ ಕೋಣೆಯಲ್ಲಿ ತಮ್ಮ ಕಾಯಿಲೆಯನ್ನು ಹೆದರದೆ ಹೇಳಲು ಅವರಿಗೆ ಆಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಪರಿಸರಸ್ನೇಹಿ ಉಪಾಯ ಕಲಿಸಹೊರಟವನು, ಅದು ಯಾವಾಗ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಮಕ್ಕಳಿಗೆ ನೆನಪುಳಿಯುವಷ್ಟು ಸಲ ಹೇಳಬೇಕು.

ಗಡಿಗೆಯಲ್ಲಿ ಇಟ್ಟವರು ಯಾರೆಂದು ತಿಳಿಯುವ ಆಸೆ ಬಿಟ್ಟಿದ್ದೇನೆ. ಪರೀಕ್ಷಿಸಬಹುದಾದದ್ದು ಒಂದಿತ್ತು: ಮಳೆಯಲ್ಲಿ ಗಡಿಗೆ ನಿಜಕ್ಕೂ ತಣ್ಣಗಿಡುತ್ತದೆಯೇ? ಕಳೆದ ಮಳೆಗಾಲದಲ್ಲಿ, ಮಳೆ ಬಿಡದೆ ಹಿಡಿದಿದ್ದ ಒಂದು ದಿನ, ನಮ್ಮ ಮನೆಯ ಪಡಸಾಲೆಯಲ್ಲಿ ಅಂಥದೇ ಗಡಿಗೆ ಜೋಡಿಸಿ, ಒಳಗೊಂದು ಥರ್ಮಾಮೀಟರ್, ಪಕ್ಕದ ಬೆಂಚಿನ ಮೇಲೊಂದು ಇಟ್ಟೆ. ಸಂಜೆ ಓದಿದೆ. ನಂಬಿಕೆಯಾಗದೆ ಎರಡನ್ನೂ ಅದಲುಬದಲು ಮಾಡಿ, ಕಾದು, ಮತ್ತೆ ಓದಿದೆ. ಗಡಿಗೆಯೊಳಗೆ ಇಪ್ಪತ್ತನಾಲ್ಕು ಡಿಗ್ರಿ. ಬೆಂಚಿನ ಮೇಲೂ ಇಪ್ಪತ್ತನಾಲ್ಕು.