ತನುಜಾಳ ಹನ್ನೆರಡು ಗಂಟೆ

ತನುಜಾ ಭದ್ರಾವತಿಯ ಹಳೇನಗರದಲ್ಲಿ ರವಿಕೆ ಹೊಲಿಯುತ್ತಾಳೆ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಜಾಯಮಾನ ಅವಳದಲ್ಲ. ಐದು ತಿಂಗಳ ಬಸುರಿಯಾಗಿದ್ದಾಗ ಶಿವಮೊಗ್ಗದ ವಿನೋಬನಗರದ ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ ಮಾಡಿಸಿದ್ದಳು. ರಿಪೋರ್ಟು ನೋಡಿದ ಡಾಕ್ಟರು ಕನ್ನಡಕ ತೆಗೆದು ಕೆಳಗಿಟ್ಟರು.

"ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆಯಮ್ಮ. ಲಿವರಿಗೆ ತಗಲೋ ವೈರಸ್ಸು. ನಿನಗೀಗ ಏನೂ ತೊಂದರೆ ಕಾಣ್ತಿಲ್ಲ. ಆದರೆ ಹೆರಿಗೆ ಹೊತ್ತಲ್ಲಿ ಮಗುವಿಗೆ ದಾಟಬಹುದು."

"ತಡೆಯೋಕಾಗುತ್ತಾ, ಮೇಡಂ?"

ತನುಜಾಳಿಗೆ ಅಳುವಿಗಿಂತ ಮೊದಲು ಈ ಪ್ರಶ್ನೆ ಬಂದುಬಿಟ್ಟಿತ್ತು.

"ಹೆಚ್ಚುಕಡಿಮೆ ಖಂಡಿತ ತಡೀಬಹುದು. ರಕ್ತದಲ್ಲಿ ವೈರಸ್ಸು ಜಾಸ್ತಿ ಇದ್ದರೆ ಏಳನೇ ತಿಂಗಳಿಂದ ಮಾತ್ರೆ ಕೊಡ್ತೀನಿ. ಮಗು ಹುಟ್ಟಿ ಹನ್ನೆರಡು ಗಂಟೆಯೊಳಗೆ ಎರಡು ಇಂಜೆಕ್ಷನ್ ಆಗಬೇಕು. ಒಂದು ಲಸಿಕೆ, ಇನ್ನೊಂದು ವೈರಸ್ಸನ್ನ ತಕ್ಷಣ ತಡೆಯೋ ಇಮ್ಯುನೊಗ್ಲಾಬ್ಯುಲಿನ್. ಆ ಎರಡನೇದು ಎಲ್ಲಾ ಕಡೆ ಸಿಗಲ್ಲ, ಮೊದಲೇ ಹೇಳಿಡಬೇಕು."

ಗಂಡ ವಿಜಯೇಂದ್ರ ಶಾಲೆಯ ವ್ಯಾನು ಓಡಿಸುವವನು. ಅವನ ರಕ್ತದಲ್ಲಿ ವೈರಸ್ ಇರಲಿಲ್ಲ. ಮಾರನೇ ದಿನವೇ ಲಸಿಕೆ ಹಾಕಿಸಿಕೊಂಡ. ಅತ್ತೆ ಮಾತ್ರ ಸೊಸೆಯ ತಟ್ಟೆ, ಲೋಟ ಬೇರೆ ಇಟ್ಟರು. ತನುಜಾ ಜಗಳವಾಡಲಿಲ್ಲ. ಮುಂದಿನ ಚೆಕಪ್ಪಿಗೆ ಅವರನ್ನೇ ಕರೆದುಕೊಂಡು ಹೋಗಿ ಡಾಕ್ಟರ ಎದುರು ಕೂರಿಸಿದಳು.

"ನಿಮ್ಮ ಮನಸ್ಸಲ್ಲಿರೋದನ್ನೆಲ್ಲ ಕೇಳಿಬಿಡಿ ಅತ್ತೆ."

ಜೊತೆಗೆ ಉಂಡರೆ, ಮುಟ್ಟಿದರೆ ಇದು ಅಂಟುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆ ಸಂಜೆ ಅತ್ತೆ ಎಲ್ಲ ತಟ್ಟೆಗಳನ್ನೂ ಒಟ್ಟಿಗೆ ಜೋಡಿಸಿದರು.

ಇದಕ್ಕಿಂತ ಕಷ್ಟದ ಮಾತು ತವರಿನಲ್ಲಿ ಕಾದಿತ್ತು. ಡಾಕ್ಟರು ಹೇಳಿದಂತೆ ರಾಗಿಗುಡ್ಡದಲ್ಲಿದ್ದ ಅಮ್ಮ ಕಲ್ಲಮ್ಮನಿಗೂ ಪರೀಕ್ಷೆ ಮಾಡಿಸಿದಳು. ಅಲ್ಲೂ ಪಾಸಿಟಿವ್. ಕಲ್ಲಮ್ಮ ಸೆರಗು ಬಾಯಿಗೊತ್ತಿಕೊಂಡು ಕೂತುಬಿಟ್ಟಳು.

"ಹಂಗಾದ್ರೆ ನಿನಗೆ ನಾನೇ ಕೊಟ್ಟೆನೇನೇ?"

"ಗೊತ್ತಿದ್ದು ಕೊಟ್ಟೆಯಾ ಅಮ್ಮ? ಆವಾಗ ಯಾರು ಪರೀಕ್ಷೆ ಮಾಡ್ತಿದ್ರು? ನನಗೀಗ ಗೊತ್ತಾಗಿದೆ. ನನ್ನಿಂದ ಮುಂದಕ್ಕೆ ಹೋಗೋಕೆ ಬಿಡಲ್ಲ."

ತನುಜಾಳ ರಕ್ತದಲ್ಲಿ ವೈರಸ್ಸು ಜಾಸ್ತಿಯೇ ಇತ್ತು. ಏಳನೇ ತಿಂಗಳಿಂದ ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದಳು. ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ಔಷಧಿ ಅಂಗಡಿಯವರು ಆ ಎರಡನೇ ಇಂಜೆಕ್ಷನ್ ತರಿಸಿ ಫ್ರಿಡ್ಜಿನಲ್ಲಿಟ್ಟಿದ್ದರು. ಹೆರಿಗೆಗೆ ಶಿವಮೊಗ್ಗಕ್ಕೇ ಹೋಗುವುದೆಂದು ಎಲ್ಲ ಗೊತ್ತುಮಾಡಿಕೊಂಡಿದ್ದರೂ ಮೂರು ವಾರ ಮೊದಲೇ, ಬೆಳಿಗ್ಗೆ ತಿಂಡಿ ಹೊತ್ತಿಗೆ ನೋವು ಶುರುವಾಯಿತು. ಅಷ್ಟು ದೂರ ಹೋಗುವಷ್ಟು ಪುರಸೊತ್ತಿರಲಿಲ್ಲ. ಭದ್ರಾವತಿಯ ಒಂದು ನರ್ಸಿಂಗ್ ಹೋಮಿನಲ್ಲಿ ಹತ್ತು ಗಂಟೆ ಹತ್ತು ನಿಮಿಷಕ್ಕೆ ಹೆಣ್ಣುಮಗು ಹುಟ್ಟಿತು.

ತನುಜಾ ಗಂಡನಿಗೆ ಹೇಳಿದ ಮೊದಲ ಮಾತು, "ಮಗುನ ಆಮೇಲೆ ನೋಡೋರಂತೆ. ಆಲ್ಕೊಳಕ್ಕೆ ಹೋಗಿ ಬನ್ನಿ."

ವಿಜಯೇಂದ್ರ ಐಸ್ ಡಬ್ಬಿ ಹಿಡಿದು ಹೊರಟ. ಇತ್ತ ನರ್ಸು ಮಗುವನ್ನು ಒರೆಸಿ ತಂದು ಮಲಗಿಸುತ್ತಾ, "ಮಗು ಸಣ್ಣಕ್ಕಿದೆ. ಇಂಜೆಕ್ಷನ್ನೆಲ್ಲ ನಾಳೆ ಡಾಕ್ಟರು ರೌಂಡ್ಸಿಗೆ ಬಂದಾಗ ನೋಡೋಣ" ಎಂದಳು.

ತನುಜಾ ಮಂಚದ ಕಂಬಿ ಹಿಡಿದು ಎದ್ದು ಕೂತಳು.

"ನಾಳೆ ಆಗಲ್ಲ ಸಿಸ್ಟರ್. ಇವತ್ತು ರಾತ್ರಿ ಹತ್ತಕ್ಕೆ ಹೊತ್ತು ಮೀರುತ್ತೆ. ಡಾಕ್ಟರಿಗೆ ಈಗಲೇ ಫೋನ್ ಹಚ್ಚಿ, ನಾನೇ ಮಾತಾಡ್ತೀನಿ."

ಫೈಲು ತೆಗೆದು ರಿಪೋರ್ಟನ್ನು ನರ್ಸಿನ ಕೈಗೇ ಕೊಟ್ಟಳು. ಓದುತ್ತಿದ್ದಂತೆ ನರ್ಸಿನ ಮುಖ ಬದಲಾಯಿತು. ಫೋನ್ ಹೋಯಿತು, ಡಾಕ್ಟರೂ ಬಂದರು. ವಿಜಯೇಂದ್ರ ಬೆವರು ಸುರಿಸಿಕೊಂಡು ಒಳಗೆ ಬಂದಾಗ ಹನ್ನೆರಡೂ ಮುಕ್ಕಾಲು. ಒಂದು ಹೊಡೆಯುವ ಮೊದಲೇ ಮಗುವಿನ ಎರಡು ತೊಡೆಗೂ ಒಂದೊಂದು ಸೂಜಿ ಬಿತ್ತು. ಮಗು ಕಿಟಾರನೆ ಕಿರುಚಿತು. ಎದೆಹಾಲಿಗೆ ಏನೂ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ತನುಜಾ ಮಗಳನ್ನು ಎದೆಗೆ ಹಚ್ಚಿಕೊಂಡು ಮನಸಾರೆ ಅತ್ತಳು.

ಆಮೇಲಿನ ಲಸಿಕೆಗಳೂ ಹೇಳಿದ ದಿನಕ್ಕೇ ಆದವು. ಹತ್ತು ತಿಂಗಳು ತುಂಬಿದಾಗ ವಿನೋಬನಗರದ ಕ್ಲಿನಿಕ್ಕಿನಲ್ಲಿ ಮಗುವಿನ ರಕ್ತಪರೀಕ್ಷೆಯಾಯಿತು. ವೈರಸ್ ಇಲ್ಲ, ತಡೆಯುವ ಶಕ್ತಿ ಚೆನ್ನಾಗಿ ಬಂದಿದೆ ಎಂದು ಡಾಕ್ಟರು ನಕ್ಕರು. ತನುಜಾ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತೇ ಅಮ್ಮನಿಗೆ ಫೋನ್ ಮಾಡಿದಳು. ಆ ಕಡೆ ಕಲ್ಲಮ್ಮ ಬಿಕ್ಕುವುದು ಕೇಳಿಸಿತು.

"ಅತ್ತಿದ್ದು ಸಾಕಮ್ಮ. ಗುರುವಾರ ನಿನ್ನ ಲಿವರ್ ಸ್ಕ್ಯಾನ್ ಇದೆ. ಏನೂ ತಿನ್ನದೆ ರೆಡಿಯಾಗಿರು, ಎಂಟು ಗಂಟೆಗೆ ನಾನೇ ಬರ್ತೀನಿ."